ಹಸಿರು ಹೊಳೆದ ಕೋಳಿ ನರ

ತೊಂಡಾಮುತ್ತೂರು

ನಾನು ಶೀಮೆಗೆ ಹೋಗಿದ್ದು ಕೋಳಿ ಸಾಕುವುದನ್ನು ಕಲಿಯಲಿಕ್ಕೆ ಎಂದು ಕೊಯಮತ್ತೂರಿನ ಹತ್ತಿರದ ನಮ್ಮೂರಿನಲ್ಲಿ ಇವತ್ತಿಗೂ ನಂಬಿದವರಿದ್ದಾರೆ. ತಪ್ಪು ಅವರದಲ್ಲ. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯದಿಂದ ಬಂದ ಆಹ್ವಾನದಲ್ಲಿ ಸಾಲಿಗೊಮ್ಮೆ ಕೋಳಿಮರಿಯ ಹೆಸರಿತ್ತು. ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡು ಕೇಳಿದ ಚಿಕ್ಕಪ್ಪ ಅಲ್ಲೇ ತೀರ್ಪು ಕೊಟ್ಟುಬಿಟ್ಟರು. ಅವರು ನಮ್ಮ ಅಪ್ಪನ ತಮ್ಮ. ಜಮೀನು ಅಣ್ಣನಿಗೆ ಬಿಟ್ಟು ಪಲ್ಲಡಕ್ಕೆ ಹೋಗಿ ಕೋಳಿಪಣ್ಣೆ, ಅಂದರೆ ಕೋಳಿ ಫಾರಂ, ಇಟ್ಟವರು. ಕೋಳಿಯ ವಿಷಯದಲ್ಲಿ ಅವರ ಮಾತೇ ಕೊನೆ.

"ಕೋಳಿ ತಿಳ್ಕೊಳಕ್ಕೆ ಅಷ್ಟ್ ದೂರ ಯಾಕೆ ಕಣ್ಣು? ನಮ್ ಪಣ್ಣೇಲಿ ಬಂದು ಕೂತ್ಕೊ. ದಿನಾ ಹುಟ್ತಾವೆ, ದಿನಾ ಸಾಯ್ತಾವೆ. ತಾನಾ ತಿಳೀತದೆ." ಕಣ್ಣು ಎಂದರೆ ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

ಮೊಟ್ಟೆಯೊಳಗಿನ ಮರಿಯಲ್ಲಿ ನರ ಹೇಗೆ ಹುಟ್ಟಿ, ಯಾವ ದಾರಿ ಹಿಡಿದು ಕಾಲಿಗೆ, ರೆಕ್ಕೆಗೆ ಹೋಗಿ ಸೇರುತ್ತದೆ ಎಂದು ನೋಡುವುದು ನನ್ನ ಕೆಲಸ, ಮನುಷ್ಯರ ನರವೂ ಹೆಚ್ಚುಕಡಿಮೆ ಹಾಗೆಯೇ ಬೆಳೆಯುತ್ತದೆ ಎಂದು ವಿವರಿಸಿದೆ. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಕೊನೆಗೆ, "ಸರಿ, ಅಪ್ಪುರಂ ಇನ್ನೊಂದು ಮಾತು. ಆಡಿ ತಿಂಗ್ಳಲ್ಲಿ ಕೋಳಿ ಮೊಟ್ಟೆ ಕಮ್ಮಿ ಇಡ್ತದಲ್ಲ, ಅದ್ಯಾಕೆ ಅಂತ ಅವ್ರನ್ನ ಕೇಳ್ಕೊಂಡ್ ಬಾ" ಅಂದರು. ಆಡಿ ಎಂದರೆ ನಮ್ಮ ಕಡೆಯ ಆಷಾಢ.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ಆಗ ಪೀಳಮೇಡಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ಬಂದದ್ದು ಎಂ.ಎಸ್ಸಿ. ಓದಲು ಮೈಸೂರಿಗೆ ಹೋದಾಗ, ಹಾಸ್ಟೆಲಿನ ಗೆಳತಿಯರ ಕೃಪೆಯಿಂದ. ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಇಲ್ಲಿ ಯಾರ ಬಗ್ಗೆ ಏನು ಬರೆದರೂ ನನಗೆ ಭಯವಿಲ್ಲ.

ಪಿಎಚ್.ಡಿ.ಯ ಕೊನೆಯ ಅಧ್ಯಾಯವೊಂದು ಬಾಕಿ ಇತ್ತು. ಅದಕ್ಕೆ ಬೇಕಾದ ಫೋಟೋಗಳನ್ನು ತೆಗೆಯುವ ಸೂಕ್ಷ್ಮದರ್ಶಕ ನಮ್ಮಲ್ಲಿರಲಿಲ್ಲ, ಅಲ್ಲಿತ್ತು. ಫೋಟೋ ಸಿಕ್ಕಿದರೆ ಡಾಕ್ಟರ್. ಸಿಗದಿದ್ದರೆ ಕಪ್ಪೆ ಕೊಯ್ಯಿಸುವ ಟೀಚರಮ್ಮ.

ಹೊರಡುವ ಹಿಂದಿನ ದಿನ ಅಜ್ಜಿ, ನಮ್ಮ ಅಪ್ಪನ ತಾಯಿ, ನನ್ನನ್ನು ಅಡುಗೆಮನೆಗೆ ಕರೆದು ಎಡಗೈಗೆ ಕಾಪು ಕಟ್ಟಿದಳು. ಕಾಪು ಎಂದರೆ ಅರಿಸಿನದ ನೀರಿನಲ್ಲಿ ಅದ್ದಿದ ನೂಲಿಗೆ ಒಂದು ಅರಿಸಿನದ ಕೊಂಬು ಸೇರಿಸಿ ಮಣಿಕಟ್ಟಿಗೆ ಬಿಗಿಯುವುದು. ಮಾರಿಯಮ್ಮನಿಗೆ ಹರಕೆ ಹೊತ್ತವರು ನಮ್ಮ ಕಡೆ ಕಟ್ಟಿಕೊಳ್ಳುತ್ತಾರೆ. ಹರಕೆ ತೀರುವವರೆಗೆ ಬಿಚ್ಚುವಂತಿಲ್ಲ. ಮಾಂಸ ತಿನ್ನುವಂತಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಉಣ್ಣುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ, ಊರ ಗಡಿ ದಾಟುವಂತಿಲ್ಲ.

"ಅಜ್ಜೀ, ಕಾಪು ಕಟ್ಟಿದ್ರೆ ಊರು ದಾಟ್ಬಾರ್ದಲ್ಲ? ನಾನು ಸಮುದ್ರಾನೇ ದಾಟ್ತಾ ಇದ್ದೀನಿ."

"ಅದು ನಂಗೂ ಮಾರಿಯಮ್ಮನ್ಗೂ ಇರೋ ಮಾತು. ನೀ ಪೆಟ್ಟಿ ಕಟ್ಟು."

"ಅಲ್ಲಿ ನಾನು ಮೊಟ್ಟೆ ಒಡೀಬೇಕು, ಮರಿ ಕೊಯ್ಬೇಕು."

"ಅಮ್ಮನ್ಗೇನ್ ಕೋಳಿ ಹೊಸ್ದಾ?" ಅಂದಳು ಅಜ್ಜಿ. ಆಮೇಲೆ ಒಂದು ಡಬ್ಬಿ ಅರಿಸಿನದ ಪುಡಿ ಕೊಟ್ಟು, ಶುಕ್ರವಾರ ಶುಕ್ರವಾರ ಅದನ್ನು ನೀರಿನಲ್ಲಿ ಕಲಸಿ ನೂಲಿಗೆ ಹಚ್ಚಬೇಕೆಂದಳು. "ಕಂಡಿಪ್ಪಾ, ಮರೀದೇ ಹಚ್ಬೇಕು. ವಾಪಸ್ ಬಂದು ನನ್ ಮುಂದೇನೇ ಬಿಚ್ಬೇಕು. ಮಾತು ಕೊಡು."

ಕೊಟ್ಟೆ. ಮರುದಿನ ಪೀಳಮೇಡಿನ ವಿಮಾನ ನಿಲ್ದಾಣಕ್ಕೆ ಒಂದು ವ್ಯಾನಿನ ತುಂಬ ಜನ ಬಂದರು. ಅಜ್ಜಿ ಮಾತ್ರ ಬರಲಿಲ್ಲ. ಊರಿನ ಗಡಿಕಲ್ಲಿನ ಹತ್ತಿರ ವ್ಯಾನು ನಿಲ್ಲಿಸಿ ಇಳಿದು, ನನ್ನ ನೆತ್ತಿ ಮುಟ್ಟಿ, ನಡೆದುಕೊಂಡು ಮನೆಗೆ ಹೋದಳು. ವಿಮಾನ ನೋಡಲು ಅವಳಿಗೆ ಹೆದರಿಕೆ ಎಂದು ನಾವೆಲ್ಲ ನಕ್ಕೆವು.

ಎರಡು ನಲ್ಲಿಯ ಊರು

ಸ್ಕಾಟ್ಲೆಂಡಿನಲ್ಲಿ ಒಂದೊಂದು ತೊಟ್ಟಿಗೂ ಎರಡೆರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಹಿಮದ ನೀರು. ಎರಡೂ ಒಂದನ್ನೊಂದು ಮಾತಾಡಿಸುವುದಿಲ್ಲ, ಬೀಗರ ಮನೆಯವರ ಹಾಗೆ. ಮುಖ ತೊಳೆಯಬೇಕಾದರೆ ಒಂದು ಕೆನ್ನೆ ಸುಟ್ಟುಕೊಂಡು ಇನ್ನೊಂದು ಕೆನ್ನೆಗೆ ಜ್ವರ ಬರಿಸಿಕೊಳ್ಳಬೇಕು. ಹೀಗೇಕೆ ಎಂದು ಯಾರನ್ನು ಕೇಳಿದರೂ, "ಯಾವಾಗಲೂ ಹೀಗೇ ಇದೆ" ಎನ್ನುತ್ತಿದ್ದರು. ನಮ್ಮ ಊರಿನ ಶಾಸ್ತ್ರಗಳಿಗೂ ನಾವು ಇದೇ ಕಾರಣ ಕೊಡುವುದರಿಂದ ನನಗೆ ಆ ಜನ ಅಲ್ಲಿಂದಲೇ ಹತ್ತಿರವಾದರು. ಆದರೆ ಆ ನೀರು ಸಿಹಿ. ಕೊಯಮತ್ತೂರಿನವರು ಸಿರುವಾಣಿ ನೀರಿನ ವಿಷಯದಲ್ಲಿ ಯಾರಿಗೂ ಸೋಲುವವರಲ್ಲ. ನಾನೂ ನಾಲ್ಕು ಜನರ ಮುಂದೆ ಸೋಲಲಿಲ್ಲ, ಒಬ್ಬಳೇ ಕುಡಿಯುವಾಗ ಒಪ್ಪಿಕೊಂಡೆ.

ನಿಜವಾದ ತಾಪತ್ರಯ ಸೂರ್ಯನದು. ನಾನು ಹೋದದ್ದು ಬೇಸಿಗೆಯಲ್ಲಿ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವೇನೋ ಎನ್ನುವಷ್ಟು ಸೋಮಾರಿ. ನನ್ನ ಊಟವೋ ದೀಪ ಹಚ್ಚಿದ ಮೇಲೆ. ಬಾಡಿಗೆಗೆ ಕೋಣೆ ಕೊಟ್ಟಿದ್ದ ಮನೆಯೊಡತಿ ಸಂಜೆ ಆರಕ್ಕೆ ಬೇಯಿಸಿದ ಆಲೂಗಡ್ಡೆ, ಬಟಾಣಿ ಇಟ್ಟು ಕರೆದರೆ ನಾನು ಕಿಟಕಿಯಲ್ಲಿ ಕೂತು ಬಿಸಿಲು ಇಳಿಯುವುದನ್ನು ಕಾಯುತ್ತಿದ್ದೆ.

"ಯಾವಾಗ ತಿನ್ನುತ್ತೀ?" ಎಂದಳು.

"ಕತ್ತಲಾದ ಮೇಲೆ."

ಅವಳು ಹೊರಗೆ ನೋಡಿದಳು. "ಹಾಗಾದರೆ ಆಗಸ್ಟಿಗೆ ಬಿಸಿ ಮಾಡಿಕೊಡುತ್ತೇನೆ."

ಹಸಿವು ಮನುಷ್ಯರನ್ನು ವಕೀಲರನ್ನಾಗಿ ಮಾಡುತ್ತದೆ. ಮೂರನೆಯ ಸಂಜೆ ನನಗೆ ಹೊಳೆಯಿತು, ಅಜ್ಜಿಯ ನಿಯಮ ದೀಪದ್ದು, ಸೂರ್ಯನದಲ್ಲ. ಆರು ಗಂಟೆಯ ಚುರುಚುರು ಬಿಸಿಲಿನಲ್ಲಿ ಮೇಜಿನ ದೀಪ ಹಾಕಿದೆ, ಕೈ ಮುಗಿದೆ, ಆಲೂಗಡ್ಡೆಗೆ ಕೈ ಹಾಕಿದೆ. ಆಮೇಲಿನ ದಿನಗಳಲ್ಲಿ ಮನೆಯೊಡತಿಯೇ ತಟ್ಟೆ ಇಡುವ ಮುಂಚೆ ದೀಪ ಹಾಕಿ, "ನಿನ್ನ ರಾತ್ರಿ ಆಯಿತು, ಬಾ" ಎಂದು ಕೂಗುತ್ತಿದ್ದಳು.

ಮೊಟ್ಟೆಯ ಕಿಟಕಿ

ಪ್ರಯೋಗಶಾಲೆಯ ಮುಖ್ಯಸ್ಥರು ಪ್ರೊಫೆಸರ್ ಡಂಕನ್. ಉದ್ದ ಮನುಷ್ಯ, ಕಡಿಮೆ ಮಾತು. ಮೊಣಕೈ ಹರಿದ ಒಂದು ಹಸಿರು ಸ್ವೆಟರು ಅವರ ಮೈಮೇಲೆ ಸದಾ ಇರುತ್ತಿತ್ತು. ಅದನ್ನು ತೊಟ್ಟ ದಿನ ಫೋಟೋಗಳು ಚೆನ್ನಾಗಿ ಬರುತ್ತವೆ ಎಂದು ಅವರ ನಂಬಿಕೆ. ಹಾಗೆಂದು ಅವರು ಯಾವತ್ತೂ ಹೇಳಲಿಲ್ಲ. ಹೇಳಿದವಳು ಈಸೊಬೆಲ್, ಅಲ್ಲಿನ ಸಹಾಯಕಿ. ಈಸೊಬೆಲ್‌ಳದು ಬೇರೆ ಕಟ್ಟಳೆ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಎದುರು ನಿಂತು "ಈ ಸಲ ಚೆನ್ನಾಗಿ ಆಗುತ್ತದೆ" ಎಂದು ಯಾರೂ ಅನ್ನಬಾರದು. ಅಂದವರು ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ವಿಜ್ಞಾನದ ಈ ಮುಖ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಕೆಲಸ ಹೀಗೆ. ಕಾವಿನಲ್ಲಿಟ್ಟ ಮೊಟ್ಟೆಯ ಚಿಪ್ಪಿಗೆ ಸಣ್ಣ ಕಿಟಕಿ ಕೊರೆದರೆ ಒಳಗೆ ಬೆರಳ ಗೆಣ್ಣಿನಷ್ಟು ಮರಿ, ಅದರ ಗುಂಡಿಗೆ ಕೆಂಪು ಚುಕ್ಕಿಯಾಗಿ ಮಿಡಿಯುತ್ತಿರುತ್ತದೆ. ಅದರ ಬೆನ್ನುಹುರಿಯ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ನರಗಂಟುಗಳು. ಅವನ್ನು ಬಿಡಿಸಿ ಗಾಜಿನ ತಟ್ಟೆಯ ಪೋಷಕ ದ್ರವದಲ್ಲಿಟ್ಟು, ನರಕ್ಕೆ ಬೆಳೆಯೆಂದು ಹೇಳುವ ಪ್ರೋಟೀನನ್ನು ಒಂದು ತೊಟ್ಟು ಹಾಕಬೇಕು. ಮರುದಿನ ನೋಡಿದರೆ ಗಂಟಿನ ಸುತ್ತ ಎಳೆಗಳು ಚಾಚಿಕೊಂಡಿರುತ್ತವೆ, ನಮ್ಮ ಹೊಲದಲ್ಲಿ ಹತ್ತಿಕಾಯಿ ಒಡೆದ ಹಾಗೆ. ಮೊದಲ ಸಲ ನೋಡಿದಾಗ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಹೆತ್ತ ಮೈಯಿಂದ ಬೇರೆಯಾಗಿ, ಪರದೇಶದ ಗಾಜಿನಲ್ಲಿ ಬಿದ್ದಿದ್ದರೂ ಅದು ಯಾರನ್ನೋ ಹುಡುಕಿಕೊಂಡು ಕೈ ಚಾಚುತ್ತಿತ್ತು. ಮನೆಯ ನೆನಪು ಬಹಳವಾಗಿದ್ದ ದಿನಗಳು ಅವು.

ಆ ಎಳೆಗಳ ತುದಿಗೆ ಒಂದು ಬಗೆಯ ಪ್ರೋಟೀನು ಮರಿಯ ಯಾವ ವಯಸ್ಸಿನಲ್ಲಿ ಬಂದು ಸೇರುತ್ತದೆ ಎಂಬುದೇ ನನ್ನ ಪ್ರಶ್ನೆ. ಆ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣವೊಂದಿದೆ. ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತದೆ. ಜೊತೆಗೆ ಬಣ್ಣ ಹಾಕದ ಇನ್ನೊಂದು ತಟ್ಟೆಯನ್ನೂ ಇಟ್ಟಿರಬೇಕು. ಅದು ಕಪ್ಪಗಿರಬೇಕು. ಅದು ಕಪ್ಪಗಿದ್ದರೆ ಮಾತ್ರ ಇದರ ಹೊಳಪು ನಿಜ. ಈ ಹೋಲಿಕೆಯ ತಟ್ಟೆ ಇಲ್ಲದೆ ಪ್ರೊಫೆಸರ್ ಡಂಕನ್ ದೇವರನ್ನೂ ನಂಬುತ್ತಿರಲಿಲ್ಲ.

ನನ್ನ ಹೋಲಿಕೆಯ ತಟ್ಟೆ ದೀಪಾವಳಿಯ ಹಾಗೆ ಹೊಳೆಯಿತು.

ಪ್ರೊಫೆಸರ್ ಎರಡು ಸಲ ನೋಡಿದರು. ಬಣ್ಣವಿಲ್ಲದೆ ತಾನೇ ಹೊಳೆಯುವ ನರ! ಯಾರೂ ಕಂಡಿರದ ಸಂಗತಿ ಇರಬಹುದು. ಪಕ್ಕದ ವಿಭಾಗದವರನ್ನೆಲ್ಲ ಕರೆದರು. ಕತ್ತಲೆ ಕೋಣೆಯ ಬಾಗಿಲಲ್ಲಿ ದರ್ಶನಕ್ಕೆ ಸಾಲು ನಿಂತಿತು. ಒಬ್ಬೊಬ್ಬರೂ ಬಗ್ಗಿ ನೋಡಿ, ಹೊರಗೆ ಬಂದು, ನನ್ನ ಕೈ ಕುಲುಕಿ ಹೋದರು. ಚಿಕ್ಕಪ್ಪನ ಪಣ್ಣೆಯ ಕೋಳಿಗಳಿಗೂ ಈ ಗುಣ ಇದ್ದೀತೇ ಎಂದು ನಾನು ಯೋಚಿಸತೊಡಗಿದ್ದೆ.

ಮರುದಿನ ಈಸೊಬೆಲ್ ಸುಮ್ಮನೆ ಒಂದು ಖಾಲಿ ಗಾಜನ್ನು ನನ್ನ ಕೈಯಿಂದಲೇ ಬೆಳಕಿನಡಿ ಇಡಿಸಿದಳು. ಅದೂ ಹೊಳೆಯಿತು.

"ಗಾಜಿಗೆ ನರ ಇರುವುದಿಲ್ಲವೆಂದು ನಾನು ಇವತ್ತಿನವರೆಗೂ ನಂಬಿದ್ದೆ" ಅಂದರು ಪ್ರೊಫೆಸರ್. ಕೈ ಕುಲುಕಿದವರು ಆಮೇಲೆ ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಹವಾಮಾನದ ಮಾತೆತ್ತುತ್ತಿದ್ದರು.

ಕತ್ತಲೆ ಕೋಣೆ

ಅಲ್ಲಿಂದ ನನಗೆ ಶನಿ ಹಿಡಿಯಿತು. ಬಣ್ಣ ಬದಲಾಯಿಸಿದೆವು, ದ್ರವ ಬದಲಾಯಿಸಿದೆವು, ದೀಪ ಬದಲಾಯಿಸಿದೆವು. ಬೇರೆಯವರ ತಟ್ಟೆ ಕಪ್ಪಗೆ, ನನ್ನದು ಮಾತ್ರ ಹಸಿರು. ಕೈ ಕೊಳಕಿರಬೇಕೆಂದು ಪ್ರತಿ ಸಲವೂ ಮೊಣಕೈವರೆಗೆ ಆಲ್ಕೋಹಾಲ್ ಸುರಿದು ಉಜ್ಜಿದೆ. ಉಜ್ಜಿದಷ್ಟೂ ಹೊಳಪು ಹೆಚ್ಚಿತು.

ಆ ಹೊತ್ತಿಗೆ ಅಪ್ಪನ ಪತ್ರ ಬಂತು. ಆವಣಿಯಲ್ಲಿ, ಅಂದರೆ ಶ್ರಾವಣದಲ್ಲಿ, ಚಿಕ್ಕಪ್ಪನ ಮಗನ ಮದುವೆ ಪಲ್ಲಡದಲ್ಲಿ ಜೋರಾಗಿ ಆಯಿತಂತೆ. ಅಜ್ಜಿ ಮಂಡಿನೋವೆಂದು ಹೋಗಲಿಲ್ಲವಂತೆ. ಸ್ವಂತ ಮೊಮ್ಮಗನ ಮದುವೆ! ತಾತ ಒಬ್ಬರೇ ಹೋಗಿ ಮೂಲೆಯಲ್ಲಿ ಕೂತಿದ್ದರಂತೆ. ಚಿಕ್ಕಪ್ಪ ಮುನಿಸಿಕೊಂಡಿದ್ದಾರಂತೆ. ನನಗೆ ಅಜ್ಜಿಯ ಮೇಲೆ ಸಿಟ್ಟೇ ಬಂತು. ಕೊಡ ಹೊತ್ತು ನಡೆಯುವ ಮಂಡಿಗೆ ಬಸ್ಸಿನಲ್ಲಿ ಕೂರಲು ಏನು ಕಷ್ಟ?

ಪ್ರೊಫೆಸರ್ ನನ್ನನ್ನು ಕರೆದು ಮೆಲ್ಲಗೆ ಹೇಳಿದರು. ತಿಂಗಳ ಕೊನೆಗೆ ಸೂಕ್ಷ್ಮದರ್ಶಕ ಬೇರೆಯವರಿಗೆ ಹೋಗುತ್ತದೆ. ಅಷ್ಟರಲ್ಲಿ ಕಪ್ಪು ತಟ್ಟೆ ಸಿಗದಿದ್ದರೆ ನಾನು ಬರಿಗೈಯಲ್ಲಿ ಹೊರಡಬೇಕು. ಅವತ್ತು ಅತ್ತುಬಿಟ್ಟೆ. ಬಚ್ಚಲಿಗೆ ಹೋಗಿ, ಬಿಸಿ ನಲ್ಲಿ ತಿರುಗಿಸಿ, ಸದ್ದು ಕೇಳದ ಹಾಗೆ.

ಮರುದಿನ ಶುಕ್ರವಾರ. ಬೆಳಿಗ್ಗೆ ಕಾಪಿಗೆ ಅರಿಸಿನ ಹಚ್ಚಿ, ಕೋಟಿನ ತೋಳು ಎಳೆದುಕೊಂಡು, ಕೈಗೆ ಆಲ್ಕೋಹಾಲ್ ಸುರಿದುಕೊಂಡು ಕತ್ತಲೆ ಕೋಣೆಗೆ ಹೋದೆ. ಗಾಜು ಸರಿಪಡಿಸಲು ನೀಲಿ ಬೆಳಕಿನ ಅಡಿ ಕೈ ಚಾಚಿದೆ.

"ಅಲ್ಲಾಡಬೇಡ" ಅಂದಳು ಈಸೊಬೆಲ್.

ನನ್ನ ಐದು ಬೆರಳೂ ಹಸಿರಾಗಿ ಹೊಳೆಯುತ್ತಿದ್ದವು, ಮಿಣುಕುಹುಳ ಹಿಡಿದು ಒರೆಸಿಕೊಂಡ ಹಾಗೆ. ಅವಳು ತೋಳು ಮೇಲೆತ್ತಿದಳು. ಮಣಿಕಟ್ಟಿನಲ್ಲಿ ಕಾಪು ಧಗಧಗ ಉರಿಯುತ್ತಿತ್ತು. ಅರಿಸಿನ ನೀರಿನಲ್ಲಿ ಕರಗದು, ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಶುದ್ಧವಾಗಲೆಂದು ಸುರಿದುಕೊಂಡಷ್ಟೂ ಅದು ಬೆರಳಿಗೆ ಇಳಿದು, ಬೆರಳಿನಿಂದ ತಟ್ಟೆಗೆ ಇಳಿದು, ಪಕ್ಕದ ವಿಭಾಗಕ್ಕೆಲ್ಲ ದರ್ಶನ ಕೊಟ್ಟಿತ್ತು. ಹುಟ್ಟಿದಾಗಿನಿಂದ ಅರಿಸಿನದಲ್ಲೇ ಮಿಂದವಳಿಗೆ ಅದು ಕೊಳೆಯ ಲೆಕ್ಕಕ್ಕೆ ಬರಬಹುದೆಂದು ಹೊಳೆಯಲೇ ಇಲ್ಲ.

ಈಸೊಬೆಲ್ ಕತ್ತರಿ ತಂದಳು. ನಾನು ಕೈ ಹಿಂದೆ ಕಟ್ಟಿಕೊಂಡೆ.

ಮೇಣದ ಪಟ್ಟಿ

"ಬಿಚ್ಚಿದರೆ ಏನಾಗುತ್ತದೆ?" ಪ್ರೊಫೆಸರ್ ನಿಜವಾದ ಕುತೂಹಲದಿಂದ ಕೇಳಿದರು.

"ಗೊತ್ತಿಲ್ಲ. ನಮ್ಮೂರಲ್ಲಿ ಯಾರೂ ಬಿಚ್ಚಿ ನೋಡಿಲ್ಲ."

"ಅಂದರೆ ಹೋಲಿಕೆಯ ತಟ್ಟೆ ಇಲ್ಲದ ಪ್ರಯೋಗ."

"ಹೌದು ಸರ್."

ದೇವರ ಭಯ ನನಗೆ ಅಷ್ಟಾಗಿ ಇರಲಿಲ್ಲ. ಜೀವಕೋಶಗಳ ಒಳಗೆಲ್ಲ ಓಡಾಡಿದ ಮೇಲೆ ಮಾರಿಯಮ್ಮನ ಜೊತೆ ನನ್ನ ಸಂಬಂಧ ದೂರದ ನೆಂಟರ ಹಾಗೆ ಆಗಿತ್ತು. ಆದರೆ ಅಜ್ಜಿಗೆ ಕೊಟ್ಟ ಮಾತು ಹತ್ತಿರದ್ದು. ಒಂದು ಕಡೆ ಅಷ್ಟು ವರ್ಷದ ಓದು, ಇನ್ನೊಂದು ಕಡೆ ಒಂದು ಗೇಣು ನೂಲು. ಕತ್ತರಿಯನ್ನು ನಾನೇ ಕೈಗೆ ತೆಗೆದುಕೊಂಡೆ. ನೂಲಿನ ಅಡಿಗೆ ತೂರಿಸಿಯೂ ಬಿಟ್ಟೆ. ಆಗ "ನನ್ ಮುಂದೇನೇ ಬಿಚ್ಬೇಕು" ಎಂದ ಅಜ್ಜಿಯ ಮುಖ ಕಣ್ಣಿಗೆ ಬಂತು. ಬೆರಳು ಒತ್ತಲಿಲ್ಲ. "ಆಗಲ್ಲ ಸರ್, ಅಜ್ಜಿಗೆ ಮಾತು ಕೊಟ್ಟಿದ್ದೇನೆ, ನಾನು ಹಾಗೇ ಊರಿಗೆ ಹೋಗುತ್ತೇನೆ" ಅಂದೆ.

ಪ್ರೊಫೆಸರ್ ತಮ್ಮ ಸ್ವೆಟರಿನ ಹರಿದ ಮೊಣಕೈಯನ್ನು ನೋಡಿಕೊಂಡರು. ಈಸೊಬೆಲ್ ಅದನ್ನು ಗಮನಿಸಿದಳು.

"ಇವರು ಈ ಸ್ವೆಟರು ಬಿಚ್ಚುವ ದಿನ ಇವಳೂ ಆ ನೂಲು ಬಿಚ್ಚಲಿ" ಅಂದಳು.

ಪ್ರೊಫೆಸರ್ ಎದ್ದು ಹೋಗಿ ಕಪಾಟಿನಿಂದ ಮೇಣದ ಪಟ್ಟಿಯ ಸುರುಳಿ ತಂದರು. ಸೀಸೆಗಳ ಬಾಯಿಗೆ ಎಳೆದು ಸುತ್ತುವ, ನೀರೂ ಗಾಳಿಯೂ ನುಸುಳದ ಪಟ್ಟಿ ಅದು. ನನ್ನ ಕೈಯನ್ನು ಮೇಜಿನ ಮೇಲಿಟ್ಟು ಕಾಪಿನ ಮೇಲೆ ಸುತ್ತಿ, ಅದರ ಮೇಲೆ ಕೈಗವಸು ಎಳೆದು, ಟೇಪು ಅಂಟಿಸಿದರು. ಅವತ್ತಿನಿಂದ ದಿನಾ ಬೆಳಿಗ್ಗೆ ಇದೇ ಪೂಜೆ. ಆ ದೊಡ್ಡ ವಿಜ್ಞಾನಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಉಸಿರು ಹಿಡಿದು, ನನ್ನ ಮಣಿಕಟ್ಟಿಗೆ ಪಟ್ಟಿ ಸುತ್ತುವಾಗ ಪೂಜಾರಿಗಳು ನೆನಪಾಗುತ್ತಿದ್ದರು. ಮಂತ್ರವೊಂದು ಕಡಿಮೆ. ಅದನ್ನೂ ಅವರು ಕೊನೆಯಲ್ಲಿ ಹೇಳುತ್ತಿದ್ದರು, "ಸರಿ, ಈಗ ಸೋರುವುದಿಲ್ಲ."

ತಿಂಗಳು ಮುಗಿಯುವ ಮುನ್ನ ನನ್ನ ಹೋಲಿಕೆಯ ತಟ್ಟೆ ಅಮಾವಾಸ್ಯೆಯ ಹಾಗೆ ಕಪ್ಪಗಾಯಿತು. ಇನ್ನೊಂದು ತಟ್ಟೆಯಲ್ಲಿ ಎಳೆಗಳ ತುದಿ ಮಾತ್ರ, ಬೇಕಾದ ಕಡೆ ಮಾತ್ರ, ಹಸಿರಾಗಿ ಹೊಳೆಯಿತು. ಫೋಟೋ ತೆಗೆದಾಗ ಮೂವರೂ ಉಸಿರಾಡಲಿಲ್ಲ. ಯಾರೂ "ಚೆನ್ನಾಗಿ ಆಯಿತು" ಎಂದೂ ಅನ್ನಲಿಲ್ಲ. ಈಸೊಬೆಲ್ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ಅಲ್ಲಿ ನನ್ನನ್ನು ಅಪ್ಪಿಕೊಂಡಳು.

ಮತ್ತೆ ತೊಂಡಾಮುತ್ತೂರು

ಪ್ರಯಾಣಕ್ಕೆಂದು ಪ್ರೊಫೆಸರ್ ಕೊನೆಯ ಸಲ ಸುತ್ತಿದ ಪಟ್ಟಿಯೊಂದಿಗೇ ಊರಿಗೆ ಬಂದೆ. ಗಡಿಕಲ್ಲಿನ ಹತ್ತಿರ ಅಜ್ಜಿ ನಿಂತಿದ್ದಳು. ಕಲ್ಲಿನ ಈಚೆಗೆ, ಒಂದು ಹೆಜ್ಜೆಯೂ ಆಚೆ ಇಡದೆ. ಎಲ್ಲರನ್ನೂ ಮನೆಗೆ ಕಳಿಸಿ ನನ್ನೊಬ್ಬಳನ್ನೇ ಮಾರಿಯಮ್ಮನ ಗುಡಿಗೆ ಕರೆದೊಯ್ದಳು.

"ಇದೇನ್ ಕಣ್ಣು, ಮೇಲೆ?"

"ಅಲ್ಲಿ ನಮ್ ಪ್ರೊಫೆಸರ್ ಸುತ್ತಿದ್ದು ಅಜ್ಜಿ. ಇದ್ರಿಂದಾನೇ ಕೆಲ್ಸ ಆಯ್ತು."

"ಆಮಾ, ಹೌದಾ? ಅವ್ರೂ ಕಾಪು ಕಟ್ತಾರಾ?" ಅಜ್ಜಿಗೆ ಬಹಳ ಸಮಾಧಾನವಾಯಿತು.

ಪಟ್ಟಿ ಬಿಡಿಸಿ, ನೂಲು ಕತ್ತರಿಸಿ, ಅಮ್ಮನ ಪಾದದಲ್ಲಿಟ್ಟಳು. ಆಮೇಲೆ ಕತ್ತರಿಯನ್ನು ನನ್ನ ಕೈಗೆ ಕೊಟ್ಟು ತನ್ನ ಎಡಗೈ ಚಾಚಿ, ಬಳೆಗಳನ್ನು ಮೇಲೆ ಸರಿಸಿದಳು. ಅಡಿಯಲ್ಲಿ ಒಂದು ಕಾಪು. ನನ್ನದರಷ್ಟೇ ಹಳೆಯದು.

"ಬಿಚ್ಚು. ಯಾಕ್ ಹಂಗ್ ನೋಡ್ತೀಯ? ಕಾಪು ಕಟ್ಟಿದ್ರೆ ಯಾರಾರ ಒಬ್ರು ಊರ್ ದಾಟ್ದೆ ಇರ್ಬೇಕು. ನೀ ದಾಟ್ಲೇಬೇಕು. ಅದಕ್ಕೇ ನಿನ್ ಬದ್ಲು ನಾ ಕೂತೆ."

"ಮದ್ವೆಗೆ ಹೋಗ್ದೇ ಇದ್ದಿದ್ದು..."

"ಪಲ್ಲಡ ನಮ್ ಗಡಿ ಒಳಗ್ ಇದ್ಯಾ?"

"ಮನೇಲಿ ಯಾರೂ ನೋಡ್ಲಿಲ್ವಾ ಅಜ್ಜೀ?"

"ಮುದ್ಕಿ ಕೈನ ಯಾರ್ ನೋಡ್ತಾರೆ ಕಣ್ಣು."

ನನ್ನ ಕಣ್ಣು ತುಂಬಿ ಬಂತು. ಹೋಲಿಕೆಯ ತಟ್ಟೆ ಇಲ್ಲವೆಂದು ನಾನು ಅಲ್ಲಿ ಒಪ್ಪಿಕೊಂಡು ಬಂದಿದ್ದೆ. ಅದು ಇಲ್ಲಿ, ಮೊಮ್ಮಗನ ಮದುವೆ ಬಿಟ್ಟು, ಮಗನ ಮುನಿಸು ಹೊತ್ತು, ಅಲ್ಲಾಡದೆ ಕೂತಿತ್ತು. ಅವತ್ತು ಕತ್ತರಿ ಒತ್ತಿದ್ದರೆ ಈ ಕೈಯನ್ನು ಹೇಗೆ ಹಿಡಿಯುತ್ತಿದ್ದೆನೋ. ನೂಲು ಕತ್ತರಿಸಿದೆ. ಅಡಿಯಲ್ಲಿ ಅಜ್ಜಿಯ ಚರ್ಮದ ಮೇಲೆ ಹಳದಿ ಗೆರೆಯೊಂದು ಉಳಿದಿತ್ತು, ನನಗಿದ್ದ ಹಾಗೆಯೇ.

"ಯಾರ್ಗೂ ಹೇಳ್ಬ್ಯಾಡ" ಅಂದಳು. "ನಿನ್ ಚಿಕ್ಕಪ್ಪನ್ಗೆ ತಿಳಿದ್ರೆ ನಿನ್ ಮ್ಯಾಲೆ ಕೋಪ ತಿರುಗ್ತದೆ."

ಪಲ್ಲಡ

ಮರುದಿನವೇ ಅಜ್ಜಿ ಪಲ್ಲಡಕ್ಕೆ ಹೊರಟಳು. ಗಡಿಕಲ್ಲು ದಾಟುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅದನ್ನು ಕಣ್ಣಿಂದ ಮರೆಯಾಗುವವರೆಗೂ ನೋಡಿದಳು. ಅಲ್ಲಿಂದ ಮುಂದೆ ಪ್ರತಿ ಅಂಗಡಿ, ಪ್ರತಿ ಗಿರಣಿಯ ಚಿಮಣಿ ಅವಳಿಗೆ ಹೊಸದು. ನಾನು ಸ್ಕಾಟ್ಲೆಂಡನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.

ಚಿಕ್ಕಪ್ಪ ಮಗ್ಗದ ಸದ್ದಿನ ಬೀದಿಯ ಕೊನೆಯಲ್ಲಿದ್ದ ತಮ್ಮ ಮನೆಯ ಜಗಲಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು. ಹೊಸ ಸೊಸೆ ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಸಲೀಸಾಗಿ ಬಗ್ಗಿ ಅವಳನ್ನು ಎತ್ತಿದಳು. ಚಿಕ್ಕಪ್ಪನ ಕಣ್ಣು ಆ ಮಂಡಿಯ ಮೇಲೆ ಬಿತ್ತು.

"ಮದ್ವೆಗ್ ಬರಕ್ಕೆ ಆಗ್ದಿರೋ ಮಂಡಿ ಈಗ ಹೆಂಗ್ ಬಗ್ತದೆ?"

ಅಜ್ಜಿ ಒಂದು ಗಳಿಗೆಯ ಮಟ್ಟಿಗೆ ಸಿಕ್ಕಿಬಿದ್ದಳು. ಆಮೇಲೆ ನನ್ನನ್ನು ಮುಂದೆ ತಳ್ಳಿ, "ಇವ್ಳು ಬಂದ್ಳಲ್ಲಪ್ಪ. ಅಲ್ಲಿ ನರ ಓದಿದ್ದಾಳೆ. ನಿನ್ನೆ ಕೈ ಇಟ್ಳು, ಸರಿ ಹೋಯ್ತು" ಅಂದಳು.

ಚಿಕ್ಕಪ್ಪ ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದರು. ಮುಖದ ಊತ ಇಳಿಯಿತು. ಆಡಿ ತಿಂಗಳ ಮೊಟ್ಟೆಯ ಪ್ರಶ್ನೆ ಅವರಿಗೆ ಮರೆತೇ ಹೋಯಿತು. "ಅದ್ನ ಮುಂಚೇನೇ ಹೇಳ್ಬಾರ್ದಾ ಕಣ್ಣು? ನಾವೆಲ್ಲಾ ಕೋಳಿ ಅಂತ ಅಂದ್ಕೊಂಡಿದ್ವಿ" ಎನ್ನುತ್ತ ಪಂಚೆ ಮೇಲೆತ್ತಿ, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿದರು. ಒಳಗಿಂದ ಚಿಕ್ಕಮ್ಮನೂ ಕೈ ಒರೆಸಿಕೊಳ್ಳುತ್ತ ಕುಂಟಿಕೊಂಡು ಬಂದರು. ಪಕ್ಕದ ಮನೆಯ ಮಗ್ಗದ ಸದ್ದು ನಿಂತಿತು.

ನಾನು ನಿಜ ಹೇಳಲು ಬಾಯಿ ತೆರೆದೆ. ಅಜ್ಜಿ ನನ್ನ ಎಡಗೈ ಮಣಿಕಟ್ಟನ್ನು, ಹಳದಿ ಗೆರೆ ಇದ್ದ ಜಾಗದಲ್ಲೇ, ಬಿಗಿಯಾಗಿ ಹಿಡಿದುಕೊಂಡಳು.

ನಾನು ಬಗ್ಗಿ ಚಿಕ್ಕಪ್ಪನ ಮಂಡಿ ನೋಡಿದೆ.